ಹುಳುವಿನ ವಿಷ, ಮನುಷ್ಯನ ನರ

ಹುಳು ಸಾಯಲೆಂದು ತಯಾರಾದ ವಿಷಕ್ಕೆ ಹುಳುವಿನ ನರ, ಮನುಷ್ಯನ ನರ ಎಂಬ ಭೇದ ಗೊತ್ತಿಲ್ಲ. ಅದು ಜೀವ ತೆಗೆದರೆ ಸುದ್ದಿಯಾಗುತ್ತದೆ. ಜೀವ ಉಳಿಸಿ ಕಣ್ಣು ಮಂಜಾಗಿಸಿದರೆ, ಕೈ ನಡುಗಿಸಿದರೆ, ಬಸಿರಿನಲ್ಲಿರುವ ಕೂಸಿನ ಬುದ್ಧಿಗೆ ಪೆಟ್ಟು ಕೊಟ್ಟರೆ ಯಾರ ದಾಖಲೆಗೂ ಸಿಗುವುದಿಲ್ಲ. ಹತ್ತಿ, ತೊಗರಿ, ಮೆಣಸಿನಕಾಯಿ ಹೊಲಗಳಲ್ಲಿ ಪಂಪುಗಳು ಬೆನ್ನೇರುವ ಈ ಹಂಗಾಮಿನಲ್ಲಿ ಆ ಲೆಕ್ಕ ಕೇಳಬೇಕಾಗಿದೆ.

ಗುಡಿಯ ಗೋಪುರಕ್ಕೆ ಶಂಕುಸ್ಥಾಪನೆ ಮುಗಿದಿತ್ತು. ಭಕ್ತರು ಸಾಲಾಗಿ ಬಂದು ಟೊಮೆಟೊ ಬಾತ್ ಈಸಿಕೊಂಡರು. ಅನ್ನದಲ್ಲಿ ಏನೋ ವಾಸನೆ ಇದೆ ಎಂದವರಿದ್ದರು. ಆದರೂ ಮಾರಮ್ಮನ ಪ್ರಸಾದವಲ್ಲವೇ, ಕಣ್ಣಿಗೊತ್ತಿಕೊಂಡು ತಿಂದರು. ಸ್ವಲ್ಪ ಹೊತ್ತಿಗೆಲ್ಲ ಒಬ್ಬೊಬ್ಬರಾಗಿ ವಾಂತಿ ಮಾಡತೊಡಗಿದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ನಿಲ್ಲಲು ಒಲ್ಲದ ಕಾಲು. ಚೆಲ್ಲಿದ ಅನ್ನ ಹೆಕ್ಕಿದ ಕಾಗೆಗಳು ಅಲ್ಲಲ್ಲೇ ಸತ್ತು ಬಿದ್ದವು.

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಇದು ನಡೆದದ್ದು 2018ರ ಡಿಸೆಂಬರ್ 14ರ ಶುಕ್ರವಾರ. 17 ಮಂದಿ ತೀರಿಕೊಂಡರು. ನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗಳಿಗೆ ಹಂಚಿ ಸಾಗಿಸಬೇಕಾಯಿತು. ಎಷ್ಟೋ ಜನ ಮೈಸೂರಿನ ತೀವ್ರ ನಿಗಾ ಘಟಕಗಳಲ್ಲಿ ವೆಂಟಿಲೇಟರ್‌ನ ಆಸರೆಯಲ್ಲಿ ಉಸಿರಾಡಿದರು.

ಅನ್ನಕ್ಕೆ ಬೆರೆಸಿದ್ದು ಮೊನೊಕ್ರೊಟೊಫಾಸ್ ಎಂದು ಪ್ರಯೋಗಾಲಯ ಹೇಳಿತು. ಅದು ಎಲ್ಲಿಂದಲೋ ಕಳ್ಳದಾರಿಯಲ್ಲಿ ಬಂದ ಅಪರೂಪದ ವಿಷವಾಗಿರಲಿಲ್ಲ. ಹತ್ತಿ ಬೆಳೆಯುವ ಯಾವ ಊರಿನ ಗೊಬ್ಬರದಂಗಡಿಯಲ್ಲೂ ಕೇಳಿದರೆ ಕೊಡುತ್ತಿದ್ದ, ರಸೀದಿ ಸಮೇತ ಸಿಗುತ್ತಿದ್ದ ಕೀಟನಾಶಕ.

ಅದನ್ನು ಪ್ರಸಾದಕ್ಕೆ ಬೆರೆಸಿದ ಆರೋಪದ ಮೇಲೆ ಕೊಲೆ ಮೊಕದ್ದಮೆ ಹೂಡಲಾಯಿತು. ಹೂಡಲೇಬೇಕಿತ್ತು. ಆದರೆ ಅಂಥದ್ದೇ ದ್ರವ ಪ್ರತಿ ಮಳೆಗಾಲ ಕೂಲಿಯವನ ಬೆನ್ನ ಮೇಲೆ ಸೋರಿ, ಅಂಗಿ ನೆನೆಸಿ, ಚರ್ಮದೊಳಕ್ಕೆ ಇಳಿಯುವಾಗ ಮೊಕದ್ದಮೆಯೂ ಇಲ್ಲ, ಪಂಚನಾಮೆಯೂ ಇಲ್ಲ. ಸಂಜೆ ಮನೆಗೆ ಬಂದು ‘ತಲಿ ಭಾರ ಆಗೈತಿ’ ಎಂದು ಮಲಗಿದರೆ ಅಲ್ಲಿಗೆ ಮುಗಿಯಿತು.

ಒಂದು ಹನಿ ಚೆಲ್ಲಿದಾಗ

ಈ ವಿಷದ ವಂಶವೃಕ್ಷ ಶುರುವಾಗುವುದು ಜರ್ಮನಿಯ ಲೆವರ್‌ಕುಸೆನ್‌ನಲ್ಲಿ. ಐ.ಜಿ. ಫಾರ್ಬೆನ್ ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಗೆರ್ಹಾರ್ಡ್ ಶ್ರಾಡರ್‌ಗೆ ಬೇಕಾಗಿದ್ದುದು ಬೆಳೆಯ ಹೇನು ಕೊಲ್ಲುವ ಹೊಸ ಔಷಧಿ. ರಂಜಕದ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದ ಆತ 1936ರ ಡಿಸೆಂಬರ್ 23ರಂದು ಒಂದು ಹೊಸ ದ್ರವ ತಯಾರಿಸಿದ. ಹೇನುಗಳು ಸತ್ತವು. ಮುಂದಿನ ತಿಂಗಳು ಅದರ ಒಂದು ಸಣ್ಣ ಹನಿ ಪ್ರಯೋಗಾಲಯದ ಮೇಜಿನ ಮೇಲೆ ಚೆಲ್ಲಿತು. ಶ್ರಾಡರ್‌ಗೂ ಅವನ ಸಹಾಯಕನಿಗೂ ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಯಿತು, ದೃಷ್ಟಿ ಮಸುಕಾಯಿತು, ಉಸಿರು ಕಟ್ಟಿತು. ಸುಧಾರಿಸಿಕೊಳ್ಳಲು ವಾರಗಳೇ ಹಿಡಿದವು.

ಆ ದ್ರವದ ಹೆಸರು ತಬೂನ್. ಸುದ್ದಿ ತಿಳಿದ ಜರ್ಮನ್ ಸೇನೆ ಅದನ್ನು ಯುದ್ಧಾಸ್ತ್ರದ ಪಟ್ಟಿಗೆ ಸೇರಿಸಿಕೊಂಡಿತು. ಎರಡು ವರ್ಷದೊಳಗೆ ಅದೇ ಬಳಗದಿಂದ ಸರಿನ್ ಹುಟ್ಟಿತು. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಜನರನ್ನು ಕೊಂದದ್ದು ಇದೇ ಸರಿನ್. 1944ರಲ್ಲಿ ಶ್ರಾಡರ್ ಪ್ಯಾರಾಥಿಯಾನ್ ಕಂಡುಹಿಡಿದ. ಯುದ್ಧ ಮುಗಿದ ಮೇಲೆ ಅದು ಜಗತ್ತಿನ ಹೊಲಗಳಿಗೆ ಹರಿಯಿತು. ನಮ್ಮಲ್ಲಿಗೆ ಬಂದದ್ದು ಫಾಲಿಡಾಲ್ ಎಂಬ ಹೆಸರಿನಲ್ಲಿ. ಆ ಹೆಸರು ಹೇಳಿದರೆ ಹಳ್ಳಿಯ ಹಿರಿಯರು ಇವತ್ತಿಗೂ ಮುಖ ಸಣ್ಣ ಮಾಡುತ್ತಾರೆ. ಊರಿಗೊಂದಾದರೂ ಸಾವಿನ ನೆನಪು ಅದಕ್ಕೆ ಅಂಟಿಕೊಂಡಿದೆ.

1958ರಲ್ಲಿ ಮುಂಬೈಯಿಂದ ಹಡಗಿನಲ್ಲಿ ಕೇರಳಕ್ಕೆ ಹೊರಟ ಗೋಧಿ ಹಿಟ್ಟಿನ ಮೂಟೆಗಳ ಜೊತೆಗೇ ಫಾಲಿಡಾಲ್ ಪೆಟ್ಟಿಗೆಗಳನ್ನೂ ತುಂಬಲಾಗಿತ್ತು. ಪೆಟ್ಟಿಗೆ ಸೋರಿತು. ಆ ಹಿಟ್ಟಿನ ತಿಂಡಿ ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗ ವಿಚಾರಣೆ ನಡೆಸಿತು. ಹತ್ತು ವರ್ಷ ಕಳೆದು, 1968ರಲ್ಲಿ, ದೇಶಕ್ಕೊಂದು ಕೀಟನಾಶಕ ಕಾಯ್ದೆ ಬಂತು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತಾಗ ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. ಅದಕ್ಕೆ ನಾಲ್ಕು ವರ್ಷ ಮೊದಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಬಿಡುವಂತೆ ಭಾರತಕ್ಕೆ ಹೇಳಿತ್ತು.

ನರ ಮತ್ತು ಸ್ನಾಯುವಿನ ನಡುವೆ

ಬೆರಳು ಮಡಚಬೇಕು ಎಂದು ಮಿದುಳು ಕಳಿಸಿದ ಆಜ್ಞೆ ನರದುದ್ದಕ್ಕೂ ವಿದ್ಯುತ್ತಾಗಿ ಓಡಿ ಬರುತ್ತದೆ. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು. ಅದನ್ನು ದಾಟಿಸುವ ದೂತ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಅದು ಸ್ನಾಯುವನ್ನು ಮುಟ್ಟಿದರೆ ಸ್ನಾಯು ಬಿಗಿಯುತ್ತದೆ. ಕೆಲಸ ಮುಗಿದ ಕ್ಷಣದಲ್ಲೇ ದೂತನನ್ನು ತುಂಡರಿಸಿ ತೆಗೆಯಲು ಅಲ್ಲೇ ಒಂದು ಕಿಣ್ವ ಕಾದಿರುತ್ತದೆ. ಹೆಸರು ಕೋಲಿನ್‌ಎಸ್ಟರೇಸ್. ಇದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ದೂತರನ್ನು ಕತ್ತರಿಸಬಲ್ಲದು. ದೇಹದಲ್ಲಿ ಇಷ್ಟು ಚುರುಕಾಗಿ ಕೆಲಸ ಮಾಡುವ ಕಿಣ್ವಗಳು ಕಡಿಮೆ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಹೀಗೆ ‘ಫಾಸ್’ ಬಾಲದ ಕೀಟನಾಶಕಗಳೆಲ್ಲ ಈ ಕಿಣ್ವಕ್ಕೇ ಹೋಗಿ ಅಂಟಿಕೊಳ್ಳುತ್ತವೆ. ಕಿಣ್ವ ಕೈಕಟ್ಟಿ ಕೂರುತ್ತದೆ. ದೂತ ಸಾಯುವುದಿಲ್ಲ, ಆಜ್ಞೆ ನಿಲ್ಲುವುದಿಲ್ಲ. ಕರೆಗಂಟೆ ಒತ್ತಿದ ಬೆರಳು ಅಲ್ಲೇ ಅಂಟಿಕೊಂಡರೆ ಗಂಟೆ ಬಡಿದುಕೊಳ್ಳುತ್ತಲೇ ಇರುತ್ತದಲ್ಲ, ಹಾಗೆ.

ಹುಳುವಿನ ನರಮಂಡಲದಲ್ಲೂ ಇದೇ ದೂತ, ಇದೇ ಕಿಣ್ವ. ಅದಕ್ಕೇ ಹುಳು ಒದ್ದಾಡಿ ಸಾಯುತ್ತದೆ. ಮನುಷ್ಯನಲ್ಲಿ ಮೊದಲು ಗ್ರಂಥಿಗಳು ಸೋರತೊಡಗುತ್ತವೆ. ಕಣ್ಣೀರು, ಜೊಲ್ಲು, ಬೆವರು ಒಂದೇ ಸಮನೆ ಇಳಿಯುತ್ತವೆ. ವಾಂತಿ, ಭೇದಿ, ಹೊಟ್ಟೆ ಮುರಿತ. ಕಣ್ಣಪಾಪೆ ಕಿರಿದಾಗಿ ಬೆಳಕು ಮಬ್ಬಾಗುತ್ತದೆ. ರೆಪ್ಪೆ, ಕೆನ್ನೆ, ತೊಡೆಯ ಸ್ನಾಯುಗಳು ಚರ್ಮದಡಿ ಅದುರುತ್ತವೆ. ಅದುರಿ ಅದುರಿ ಸೋತು ಸಡಿಲವಾಗುತ್ತವೆ. ಶ್ವಾಸನಾಳ ಬಿಗಿದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಿದುಳಿನಲ್ಲಿ ಉಸಿರಾಟ ನಡೆಸುವ ಕೇಂದ್ರ ಮಂಕಾಗುತ್ತದೆ. ಬಹುಪಾಲು ಸಾವು ಬರುವುದು ಉಸಿರು ನಿಂತು.

ಕಂಕುಳ ಬೆವರು, ಕತ್ತಿನ ಬಲ

ಜಿಲ್ಲಾಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡಿದ ವೈದ್ಯರಿಗೆ ಈ ರೋಗಿ ಬಾಗಿಲಲ್ಲೇ ಗೊತ್ತಾಗುತ್ತಾನೆ. ಬೆಳ್ಳುಳ್ಳಿ ವಾಸನೆಗೆ ಹತ್ತಿರದ ಘಾಟು, ನೊರೆ ಬಾಯಿ, ಸೂಜಿಮೊನೆಯ ಪಾಪೆ. ಕೂಡಲೇ ಅಟ್ರೋಪಿನ್ ಚುಚ್ಚುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುತ್ತಾರೆ. ಸಾಕಾಯಿತೆಂದು ತಿಳಿಯುವುದು ಹೇಗೆ? ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಗುಳುಗುಳು ಸದ್ದು ಹೋಗಿರಬೇಕು. ನಾಡಿ ಎಂಬತ್ತು ದಾಟಿರಬೇಕು. ಮತ್ತೊಂದು ಪರೀಕ್ಷೆಗೆ ಯಾವ ಯಂತ್ರವೂ ಬೇಡ. ರೋಗಿಯ ಕಂಕುಳಲ್ಲಿ ಕೈಯಿಟ್ಟು ನೋಡುತ್ತಾರೆ, ಬೆವರು ಆರಿರಬೇಕು.

ಅಟ್ರೋಪಿನ್ ಸೋರಿಕೆಯನ್ನು ತಡೆಯುತ್ತದೆ, ಸ್ನಾಯುಗಳ ಸೋಲನ್ನು ತಡೆಯುವುದಿಲ್ಲ. ಅದಕ್ಕೆ ಪ್ರಾಲಿಡಾಕ್ಸಿಮ್ ಇದೆ. ಕಿಣ್ವಕ್ಕೆ ಅಂಟಿದ ವಿಷವನ್ನು ಬಿಡಿಸುವುದು ಅದರ ಕೆಲಸ. ಆದರೆ ಹೊತ್ತು ಕಳೆದಂತೆ ಅಂಟು ಗಟ್ಟಿಯಾಗುತ್ತದೆ. ಆಮೇಲೆ ಯಾವ ಔಷಧಿಯೂ ಬಿಡಿಸಲಾರದು, ದೇಹ ಹೊಸ ಕಿಣ್ವ ಕಟ್ಟಿಕೊಳ್ಳುವವರೆಗೆ ಕಾಯಬೇಕು. ಆಸ್ಪತ್ರೆ ದೂರವಿರುವ ಊರಿನವರು ಕಳೆದುಕೊಳ್ಳುವುದು ಈ ಹೊತ್ತನ್ನೇ.

ಮೊದಲ ದಿನ ಗೆದ್ದವರಿಗೂ ಮತ್ತೊಂದು ಗಂಡಾಂತರ ಕಾದಿರುತ್ತದೆ. ಪುಣೆಯ ನರರೋಗ ತಜ್ಞ ಡಾ. ಆರ್.ಎಸ್. ವಾಡಿಯಾ ಮತ್ತು ಸಂಗಡಿಗರು 1974ರಲ್ಲೇ ಇದನ್ನು ಗುರುತಿಸಿದ್ದರು. 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯೆದ್ದೆ ಅದಕ್ಕೆ ‘ಮಧ್ಯಂತರ ಲಕ್ಷಣಕೂಟ’ ಎಂಬ ಹೆಸರಿಟ್ಟರು. ರೋಗಿ ಕಣ್ಣು ಬಿಟ್ಟಿರುತ್ತಾನೆ, ಮಾತಾಡುತ್ತಾನೆ, ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಸ್ನಾಯು ಸೋಲುತ್ತದೆ. ಅನುಭವಿ ವೈದ್ಯರು ಬೆಳಗಿನ ಸುತ್ತಿನಲ್ಲಿ ಒಂದೇ ಮಾತು ಹೇಳುವುದು ಅದಕ್ಕೇ: ‘ದಿಂಬಿನಿಂದ ತಲೆ ಎತ್ತಿ ನೋಡೋಣ.’ ಎತ್ತಲಾಗದಿದ್ದರೆ ಮುಂದಿನ ಸರದಿ ಉಸಿರಾಟದ ಸ್ನಾಯುಗಳದು. ವೆಂಟಿಲೇಟರ್ ಸಿದ್ಧವಿರಬೇಕು.

ಇನ್ನೂ ಕೆಲವರಲ್ಲಿ ಎರಡು ಮೂರು ವಾರ ಕಳೆದ ಮೇಲೆ ಪಾದ ಜುಮುಗುಟ್ಟತೊಡಗಿ, ಹೆಜ್ಜೆ ಎಳೆಯುವಂತಾಗುತ್ತದೆ. ಉದ್ದನೆಯ ನರಗಳು ತುದಿಯಿಂದ ಒಣಗುತ್ತ ಬರುವ ಕಾಯಿಲೆ ಇದು. ಆ ಹೊತ್ತಿಗೆ ರೋಗಿ ಊರು ಸೇರಿರುತ್ತಾನೆ. ಕಾಲು ಸೋತದ್ದಕ್ಕೂ ಹಿಂದಿನ ವಿಷಕ್ಕೂ ನಂಟು ಕಟ್ಟುವವರು ಅಲ್ಲಿ ಯಾರಿರುತ್ತಾರೆ?

> ಹೊಲದಲ್ಲಿ ಯಾರಿಗಾದರೂ ಹೀಗಾದರೆ
>
> ಕೂಡಲೇ ಹೊಲದಿಂದ ಹೊರಗೆ, ಗಾಳಿಯಾಡುವ ಕಡೆಗೆ ಕರೆತನ್ನಿ. ನೆನೆದ ಬಟ್ಟೆ ಪೂರ್ತಿ ಬಿಚ್ಚಿ. ಸೋಪು ಹಚ್ಚಿ ತಲೆ, ಮೈ, ಉಗುರಸಂದಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಿ.
>
> ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹಾಲು, ಮಜ್ಜಿಗೆ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮಗ್ಗುಲಾಗಿ ಮಲಗಿಸಿ.
>
> 108ಕ್ಕೆ ಕರೆ ಮಾಡಿ. ಔಷಧಿಯ ಡಬ್ಬಿಯನ್ನೋ ಅದರ ಚೀಟಿಯನ್ನೋ ಮರೆಯದೆ ಜೊತೆಗೆ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಬದುವಿನಲ್ಲಿ ಕೂತು ನೋಡಿದರೆ

ಹಾವೇರಿ, ರಾಯಚೂರು ಕಡೆಯ ಹತ್ತಿ ಹೊಲದ ಬದುವಿನಲ್ಲಿ ಒಂದು ಬೆಳಗು ಕೂತರೆ ವಿಷ ಮೈಗಿಳಿಯುವ ದಾರಿಗಳೆಲ್ಲ ಕಣ್ಣಿಗೆ ಬೀಳುತ್ತವೆ. ಪ್ಲಾಸ್ಟಿಕ್ ಬಕೀಟಿನಲ್ಲಿ ನೀರು. ಡಬ್ಬಿಯ ಮುಚ್ಚಳವೇ ಅಳತೆ. ಕಡ್ಡಿ ಸಿಕ್ಕರೆ ಕಡ್ಡಿಯಲ್ಲಿ, ಇಲ್ಲದಿದ್ದರೆ ಕೈಯಲ್ಲೇ ಕಲಕುತ್ತಾರೆ. ಪಂಪಿನ ಮುಚ್ಚಳದ ವಾಷರ್ ಸವೆದಿರುತ್ತದೆ. ಬಗ್ಗಿದಾಗಲೆಲ್ಲ ಬೆನ್ನಿಗೆ ತುಳುಕಿ, ಬೆನ್ನಿನಿಂದ ಸೊಂಟಕ್ಕೆ ಇಳಿದು, ಪಂಚೆಯನ್ನೋ ಚಡ್ಡಿಯನ್ನೋ ನೆನೆಸುತ್ತದೆ. ನಾಜಲ್ ಕಟ್ಟಿಕೊಂಡರೆ ಬಾಯಿಟ್ಟು ಊದುವವರೂ ಇದ್ದಾರೆ. ಕೂಲಿ ಪಂಪಿನ ಲೆಕ್ಕದಲ್ಲಿದ್ದರೆ ಹೆಚ್ಚು ಪಂಪು ಹೊಡೆದಷ್ಟೂ ಹೆಚ್ಚು ದುಡ್ಡು. ನಡುವೆ ನಿಂತು ಕೈ ತೊಳೆಯುವುದೆಂದರೆ ಕೂಲಿ ಕಳೆದುಕೊಂಡಂತೆ.

‘ಯಣ್ಣಾ, ಕಣ್ಣಿಗೆ ಮಬ್ಬು ಕವಿದಂಗ ಆಗೈತಿ.’

‘ಬಿಸಲಿಗೆ ಹಂಗ ಆಕ್ಕೈತಿ ತಮ್ಮಾ. ನೆರಳಿಗೆ ಕುಂತು ಒಂದು ಬೀಡಿ ಸೇದು, ಆರಾಮ ಆಗ್ತದ.’

ಔಷಧಿ ಹತ್ತಿದ ಬೆರಳಿನಲ್ಲೇ ಬೀಡಿ ತುಟಿಗೇರುತ್ತದೆ. ಆ ಮಬ್ಬು ಬಿಸಿಲಿನದಲ್ಲ, ಕಿರಿದಾದ ಕಣ್ಣಪಾಪೆಯದು ಎಂದು ಅವನಿಗೆ ಹೇಳಿದವರಿಲ್ಲ.

ವಿಷ ಹೆಚ್ಚಾಗಿ ಒಳಸೇರುವುದು ಉಸಿರಿನಿಂದಲೇ ಎಂದು ತಿಳಿದು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಆದರೆ ಸಿಂಪರಣೆಯಲ್ಲಿ ಮುಖ್ಯ ದಾರಿ ಚರ್ಮ. ಅದರಲ್ಲೂ ಎಲ್ಲ ಚರ್ಮ ಒಂದೇ ಅಲ್ಲ. 1971ರಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರ ಮೈಗೆ ಅತ್ಯಲ್ಪ ಪ್ಯಾರಾಥಿಯಾನ್ ಹಚ್ಚಿ ಅಳೆದಿದ್ದರು. ಮುಂಗೈ ಚರ್ಮ ಹೀರಿದ್ದು ಶೇ 9ರಷ್ಟು, ಹಣೆ ಶೇ 36, ಕಂಕುಳು ಶೇ 64, ವೃಷಣದ ಚರ್ಮ ಹೆಚ್ಚುಕಡಿಮೆ ಪೂರ್ತಿ. ಸೋರುವ ಪಂಪು ನೆನೆಸುವುದು ಸೊಂಟದ ಕೆಳಗನ್ನು. ಒಂದು ರೂಪಾಯಿಯ ವಾಷರ್ ಮುಖದ ಮಾಸ್ಕ್‌ಗಿಂತ ಹೆಚ್ಚು ಕಾಪಾಡೀತು ಎನ್ನಿಸುವುದು ಇದಕ್ಕೇ.

2017ರ ಜುಲೈಯಿಂದ ಅಕ್ಟೋಬರ್‌ವರೆಗೆ ಮಹಾರಾಷ್ಟ್ರದ ಯವತ್ಮಾಳದಲ್ಲಿ ಈ ದಾರಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು. ಹುಳುವಿನ ಕಾಟ ಜೋರಾಗಿತ್ತು. ರೈತರು ಎರಡು ಮೂರು ಔಷಧಿ ಬೆರೆಸಿ, ಜೋರು ಒತ್ತಡದ ಬ್ಯಾಟರಿ ಪಂಪಿನಲ್ಲಿ ತಲೆಯ ಮಟ್ಟಕ್ಕೆ ಹೊಡೆದರು. ಮಂಜಿನಂತೆ ಎದ್ದ ದ್ರಾವಣ ಮುಖ, ಕಣ್ಣು, ಎದೆಯ ಮೇಲೇ ಇಳಿಯಿತು. ಆ ಒಂದು ಜಿಲ್ಲೆಯಲ್ಲೇ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಎಷ್ಟೋ ಮಂದಿಗೆ ದಿನಗಟ್ಟಲೆ ಕಣ್ಣು ಕಾಣಲಿಲ್ಲ. ಸತ್ತವರಲ್ಲಿ ಹೊಲದ ಒಡೆಯರೂ ಇದ್ದರು, ಕೂಲಿಗೆ ಹೋದವರೂ ಇದ್ದರು. ‘ಮಾಸ್ಕ್ ಹಾಕಿಕೊಳ್ಳಲಿಲ್ಲ, ಕೈಗವಸು ತೊಡಲಿಲ್ಲ’ ಎಂಬ ಮಾತು ಆಗ ಮತ್ತೆ ಮತ್ತೆ ಕೇಳಿಬಂತು. ಸತ್ತವನ ತಲೆಗೇ ತಪ್ಪು ಕಟ್ಟುವ ಆ ಮಾತು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಗೇರುತೋಟದ ಮೇಲೆ ಹೆಲಿಕಾಪ್ಟರ್

ಒಂದೇಟಿಗೆ ಕೊಲ್ಲುವ ವಿಷ ಒಂದು ಬಗೆ. ವರ್ಷಗಟ್ಟಲೆ ಹನಿಹನಿಯಾಗಿ ಮಳೆ, ಬಾವಿ, ಗಾಳಿ ಸೇರಿ ಬರುವುದು ಇನ್ನೊಂದು ಬಗೆ. ಅದನ್ನು ಕನ್ನಡ ನಾಡು ಬಹಳ ಹತ್ತಿರದಿಂದ ಕಂಡಿದೆ.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮ ಕನ್ನಡ, ತುಳು ಮಾತಾಡುವ ಊರು. ಗುಡ್ಡದ ಮೇಲೆ ಕೇರಳ ತೋಟಗಾರಿಕಾ ನಿಗಮದ ಗೇರುತೋಟ, ಇಳಿಜಾರಿನಲ್ಲಿ ಮನೆಗಳು, ಕೆಳಗೆ ತೋಡು. ಚಹಾ ಸೊಳ್ಳೆಯ ಕಾಟ ತಡೆಯಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಗಡಿಯ ಈಚೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳ ಮೇಲೂ ಸುಮಾರು ಎರಡು ದಶಕ ಇದೇ ನಡೆಯಿತು.

ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತೊಂಬತ್ತರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ಅಪಸ್ಮಾರ, ಬುದ್ಧಿಮಾಂದ್ಯ, ಮಿದುಳಿನ ಪಾರ್ಶ್ವವಾಯು, ಅಂಗವೈಕಲ್ಯ ಒಂದೇ ಕಣಿವೆಯ ಮನೆಮನೆಯಲ್ಲಿ ಇಷ್ಟೊಂದು ಏಕೆ? ಅವರು ವೈದ್ಯಕೀಯ ಪತ್ರಿಕೆಗೆ ಬರೆದರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಪತ್ರಿಕೆಗಳಲ್ಲಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿಯ ಮಕ್ಕಳನ್ನು ಬೇರೊಂದು ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದಾಗ ನರ ಮತ್ತು ನಡವಳಿಕೆಯ ತೊಂದರೆಗಳು, ಜನ್ಮಜಾತ ವೈಕಲ್ಯಗಳು ಪಡ್ರೆಯಲ್ಲೇ ಹೆಚ್ಚಿದ್ದವು.

ಎಂಡೋಸಲ್ಫಾನ್ ಕೆಲಸ ಮಾಡುವ ರೀತಿ ಬೇರೆ. ಮಿದುಳಿನಲ್ಲಿ ನರಕೋಶಗಳ ಉದ್ರೇಕವನ್ನು ತಣಿಸಲು ಗಾಬಾ ಎಂಬ ರಾಸಾಯನಿಕವಿದೆ. ಅದು ತೆರೆಯುವ ಬಾಗಿಲನ್ನು ಎಂಡೋಸಲ್ಫಾನ್ ಮುಚ್ಚಿಬಿಡುತ್ತದೆ. ತಣಿಸುವವರಿಲ್ಲದ ಮಿದುಳು ಸೆಳವಿಗೆ ಬೀಳುತ್ತದೆ. ಒಂದೊಂದು ಮಗುವಿನ ಒಂದೊಂದು ಕಾಯಿಲೆಗೂ ಇದೇ ಕಾರಣವೆಂದು ಬೆರಳಿಟ್ಟು ತೋರಿಸುವುದು ಕಷ್ಟ, ನಿಜ. ಕಂಪನಿಗಳ ವಾದ ನಿಂತದ್ದೂ ಅಲ್ಲೇ. ಆದರೆ ಜನವಸತಿಯ ನೆತ್ತಿಯ ಮೇಲೆ ಸೆಳವು ತರಿಸುವ ವಿಷ ಸುರಿದು, ಆಮೇಲೆ ತಾಯಂದಿರನ್ನು ಪುರಾವೆ ಕೇಳುವುದು ನ್ಯಾಯವಲ್ಲ. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಅದನ್ನು ತಡೆಹಿಡಿಯಿತು. ಆ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶವಿತ್ತಿತು. ಇಂದಿಗೂ ಆ ಊರುಗಳಲ್ಲಿ ದೊಡ್ಡವರಾದ ಮಕ್ಕಳಿಗೆ ಮುದಿ ತಾಯಂದಿರು ತುತ್ತು ಇಡುತ್ತಿದ್ದಾರೆ.

ಮಕ್ಕಳು ಬಿಡಿಸಿದ ಮನುಷ್ಯ

ಮೆಕ್ಸಿಕೊದ ಯಾಕಿ ಕಣಿವೆಯಲ್ಲಿ ದಶಕಗಳಿಂದ ಭಾರಿ ಸಿಂಪರಣೆಯ ಬೇಸಾಯ. ಪಕ್ಕದ ಗುಡ್ಡದ ಊರುಗಳಲ್ಲಿ ಅದೇ ಜನ, ಅದೇ ಊಟ, ಕೀಟನಾಶಕ ಮಾತ್ರ ಬಹಳ ಕಡಿಮೆ. ಮಾನವಶಾಸ್ತ್ರಜ್ಞೆ ಎಲಿಜಬೆತ್ ಗಿಲೆಟ್ ಎರಡೂ ಕಡೆಯ ನಾಲ್ಕೈದು ವರ್ಷದ ಮಕ್ಕಳನ್ನು ಆಟ ಆಡಿಸಿ ನೋಡಿದರು. ಚೆಂಡು ಹಿಡಿಸಿದರು, ಕುಪ್ಪಳಿಸಲು ಹೇಳಿದರು, ಕೊನೆಗೆ ಕಾಗದ ಕೊಟ್ಟು ‘ಒಬ್ಬ ಮನುಷ್ಯನನ್ನು ಬಿಡಿಸು’ ಎಂದರು. ಗುಡ್ಡದ ಮಕ್ಕಳು ತಲೆ, ಕಣ್ಣು, ಕೈಕಾಲು ಇರುವ ಮನುಷ್ಯರನ್ನು ಬಿಡಿಸಿದರು. ಕಣಿವೆಯ ಮಕ್ಕಳಲ್ಲಿ ಅನೇಕರ ಕಾಗದದ ಮೇಲೆ ಮನುಷ್ಯನೆಂದು ಗುರುತಿಸಲಾಗದ ಗೀಚು ಮಾತ್ರ ಇತ್ತು. 1998ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಅದೊಂದರಿಂದಲೇ ತೀರ್ಪು ಕೊಡಲಾಗದು. ಆದರೆ ಆಮೇಲೆ ಬಂದ ದೊಡ್ಡ ಅಧ್ಯಯನಗಳು ಅದೇ ದಿಕ್ಕಿಗೆ ಕೈ ತೋರಿಸಿದವು.

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಬ್ರೆಂಡಾ ಎಸ್ಕೆನಾಜಿ ಮತ್ತು ತಂಡ ಕೃಷಿ ಕೂಲಿ ಕುಟುಂಬಗಳ ಬಸುರಿಯರ ಮೂತ್ರದಲ್ಲಿ ಈ ‘ಫಾಸ್’ಗಳ ಅಂಶ ಅಳೆದು, ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಏಳನೇ ವಯಸ್ಸಿಗೆ ಅತಿ ಹೆಚ್ಚು ಅಂಶವಿದ್ದ ತಾಯಂದಿರ ಮಕ್ಕಳ ಬುದ್ಧಿಸೂಚ್ಯಂಕ ಅತಿ ಕಡಿಮೆ ಇದ್ದವರ ಮಕ್ಕಳಿಗಿಂತ ಸರಾಸರಿ 7 ಅಂಕ ಕೆಳಗಿತ್ತು. ಆ ತಾಯಂದಿರಲ್ಲಿ ಯಾರೂ ವಿಷ ಕುಡಿದು ಆಸ್ಪತ್ರೆ ಸೇರಿದವರಲ್ಲ.

ಇದು ಹಳ್ಳಿಯ ಕಥೆ ಎಂದು ನಗರದವರು ಪುಟ ತಿರುಗಿಸಬೇಡಿ. ನ್ಯೂಯಾರ್ಕ್‌ನ ಅಪಾರ್ಟ್‌ಮೆಂಟುಗಳಲ್ಲಿ ಜಿರಳೆಗೆ ಹೊಡೆದ ಕ್ಲೋರ್‌ಪೈರಿಫಾಸ್ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಕ್ಕಿತು. ಅದು ಹೆಚ್ಚಿದ್ದ ಮಕ್ಕಳ ನೆನಪಿನ ಶಕ್ತಿ ಕುಂದಿತ್ತು. 2012ರಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಹೊರಪದರದ ರಚನೆಯಲ್ಲೇ ವ್ಯತ್ಯಾಸ ಕಂಡಿತು. ಗರ್ಭದ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಬರೀ ದೂತನಲ್ಲ, ಯಾವ ನರಕೋಶ ಎಲ್ಲಿಗೆ ಸೇರಬೇಕೆಂದು ದಾರಿ ತೋರುವ ಕೆಲಸವೂ ಅದರದೇ. ವಿಷವನ್ನು ಒಡೆಯುವ ಕಿಣ್ವವೂ ಎಳೆಗೂಸಿನಲ್ಲಿ ದೊಡ್ಡವರಿಗಿಂತ ಕಡಿಮೆ. ಅಮೆರಿಕ ಈ ಕೀಟನಾಶಕವನ್ನು ಮನೆಬಳಕೆಯಿಂದ ಎರಡು ದಶಕದ ಹಿಂದೆಯೇ ತೆಗೆಯಿತು, ಯುರೋಪ್ ಒಕ್ಕೂಟ 2020ರಲ್ಲಿ ಪೂರ್ತಿ ಕೈಬಿಟ್ಟಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೂ ಅದು ಸೇರಿತು, ಕೆಲವು ವಿನಾಯಿತಿಗಳೊಂದಿಗೆ. ನಮ್ಮಲ್ಲಿ ಗೆದ್ದಲಿನ ಔಷಧಿಯಾಗಿ ಅದು ಮನೆಯ ಅಡಿಪಾಯದವರೆಗೂ ಬಂದಿದೆ.

ಮುಪ್ಪಿನಲ್ಲೂ ಈ ಸಾಲ ತೀರಿಸಬೇಕಾಗಬಹುದು. ರೊಟೆನೋನ್ ಕೊಟ್ಟ ಇಲಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯ ಗುರುತುಗಳು ಮೂಡಿದ್ದನ್ನು ವಿಜ್ಞಾನಿಗಳು 2000ದಲ್ಲಿ ತೋರಿಸಿದರು. ಕಳೆನಾಶಕ ಪ್ಯಾರಾಕ್ವಾಟ್‌ನ ಮೇಲೂ ಇದೇ ಸಂಶಯ ಬಲವಾಗಿದೆ. ಫ್ರಾನ್ಸ್ 2012ರಲ್ಲಿ ಕೀಟನಾಶಕ ಬಳಸಿದ ರೈತರ ಪಾರ್ಕಿನ್ಸನ್ ಅನ್ನು ವೃತ್ತಿಜನ್ಯ ಕಾಯಿಲೆಯೆಂದು ಒಪ್ಪಿ ಪರಿಹಾರಕ್ಕೆ ದಾರಿ ಮಾಡಿತು. ನಮ್ಮ ರೈತನ ಕೈ ನಡುಗಿದರೆ ವಯಸ್ಸಾಯಿತು ಎನ್ನುತ್ತೇವೆ.

> ಡಬ್ಬಿಯ ಮೇಲಿನ ತ್ರಿಕೋನ
>
> ಕೀಟನಾಶಕದ ಪ್ರತಿ ಡಬ್ಬಿಯ ಮೇಲೂ ಬಣ್ಣದ ಗುರುತು ಇರಲೇಬೇಕು. ಕೆಂಪು: ಅತ್ಯಂತ ವಿಷಕಾರಿ. ಹಳದಿ: ಹೆಚ್ಚು ವಿಷಕಾರಿ. ನೀಲಿ: ಮಧ್ಯಮ. ಹಸಿರು: ಅಲ್ಪ.
>
> ಈ ಬಣ್ಣ ಹೇಳುವುದು ಒಂದೇ ಸಲಕ್ಕೆ ದೇಹ ಸೇರಿದರೆ ಎಷ್ಟು ಪ್ರಮಾಣ ಕೊಲ್ಲುತ್ತದೆ ಎಂಬುದನ್ನು ಮಾತ್ರ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಸೇರಿದರೆ ನರಕ್ಕೆ, ಬಸಿರಿಗೆ ಏನಾಗುತ್ತದೆ ಎಂಬುದಕ್ಕೆ ಡಬ್ಬಿಯ ಮೇಲೆ ಬಣ್ಣವಿಲ್ಲ.

ಬಿಸಿಲಿಗೆ ಹೊಲಿಯದ ಅಂಗಿ

ಪ್ರತಿ ಹಂಗಾಮಿಗೂ ಕೃಷಿ ಇಲಾಖೆಯ ಸಲಹೆ ಬರುತ್ತದೆ: ಕೈಗವಸು, ಕನ್ನಡಕ, ಮುಖಗವಸು, ಗಂಬೂಟು, ಮೈಮುಚ್ಚುವ ಅಂಗಿ. ಸಲಹೆಯಲ್ಲಿ ತಪ್ಪಿಲ್ಲ. ರಾಯಚೂರಿನ ಬಿಸಿಲಿನಲ್ಲಿ, ಕೆಸರು ಮಣ್ಣಿನಲ್ಲಿ, ಬೆನ್ನ ಮೇಲೆ ಹದಿನಾರು ಲೀಟರ್ ಹೊತ್ತು ಅದನ್ನೆಲ್ಲ ತೊಟ್ಟು ಒಂದು ತಾಸು ನಡೆದವರಿಗೆ ಅದರ ಕಷ್ಟ ಗೊತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಕೀಟನಾಶಕ ನೀತಿ ಸಂಹಿತೆ ಈ ಕಷ್ಟವನ್ನು ಒಪ್ಪಿಕೊಂಡಿದೆ. ತೊಡಲು ಹಿಂಸೆಯಾಗುವ, ದುಬಾರಿಯಾದ, ಸುಲಭಕ್ಕೆ ಸಿಗದ ರಕ್ಷಣಾ ಸಾಮಗ್ರಿ ಬೇಕಾಗುವ ಕೀಟನಾಶಕವನ್ನೇ ದೂರವಿಡಬೇಕು, ಬಿಸಿಲ ನಾಡಿನ ಸಣ್ಣ ರೈತರು ಮತ್ತು ಕೂಲಿಯವರ ವಿಷಯದಲ್ಲಂತೂ ಹಾಗೇ ಮಾಡಬೇಕು ಎನ್ನುತ್ತದೆ ಅದು. ಕೂಲಿಯವನ ಮೈಗೆ ಏನು ತೊಡಿಸಬೇಕು ಎಂದು ಕೇಳುವ ಮೊದಲು ಅಂಗಡಿಯ ಕಪಾಟಿನಲ್ಲಿ ಯಾವ ಡಬ್ಬಿ ಇರಬಾರದು ಎಂದು ತೀರ್ಮಾನಿಸಬೇಕು.

ಶ್ರೀಲಂಕಾ ಅದನ್ನು ಮಾಡಿ ತೋರಿಸಿತು. 1995ರಲ್ಲಿ ಅಲ್ಲಿ ಆತ್ಮಹತ್ಯೆ ಲಕ್ಷಕ್ಕೆ 47ಕ್ಕೆ ಏರಿತ್ತು. ಬಹಳಷ್ಟು ಕೀಟನಾಶಕ ಕುಡಿದು ಆದ ಸಾವುಗಳು. ಆ ವರ್ಷ ಮೊನೊಕ್ರೊಟೊಫಾಸ್, ಮೆಥಮಿಡೊಫಾಸ್ ಸೇರಿ ಅತಿ ವಿಷಕಾರಿ ವರ್ಗದವನ್ನು ಮಾರುಕಟ್ಟೆಯಿಂದ ತೆಗೆದರು. 1998ರಲ್ಲಿ ಎಂಡೋಸಲ್ಫಾನ್ ಹೋಯಿತು. ಹತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಳಿಯಿತು. ಜನರ ದುಃಖ ಕಡಿಮೆಯಾಯಿತೆಂದಲ್ಲ, ಸಿಟ್ಟಿನ ಗಳಿಗೆಯಲ್ಲಿ ಕೈಗೆ ಸಿಕ್ಕಿದ ಡಬ್ಬಿ ಮೊದಲಿನಷ್ಟು ಕೊಲ್ಲುವಂಥದ್ದಾಗಿರಲಿಲ್ಲ. ಬೆಳೆಯ ಇಳುವರಿ ಕುಸಿದೀತೆಂಬ ಭಯ ನಿಜವಾಗಲಿಲ್ಲ.

ಭಾರತದಲ್ಲಿ ಮೊನೊಕ್ರೊಟೊಫಾಸ್‌ನ ಶೇ 36ರ ದ್ರಾವಣ ನಿಷೇಧಿಸುವ ಆದೇಶ ಹೊರಟದ್ದು 2023ರಲ್ಲಿ. ಅದೂ ದಾಸ್ತಾನು ಖಾಲಿ ಮಾಡಲು ಕಾಲಾವಕಾಶ ಕೊಟ್ಟು. ಗಂಡಾಮನ್‌ನ ಮಕ್ಕಳು ಸತ್ತು ಹತ್ತು ವರ್ಷವಾಗಿತ್ತು, ಸುಳ್ವಾಡಿಯವರು ಸತ್ತು ಸುಮಾರು ಐದು.

ಶಾಶ್ವತ ನಿಷೇಧದ ಅಧಿಕಾರ ದಿಲ್ಲಿಯದು. 1968ರ ಕಾಯ್ದೆಯ 27ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಒಂದು ಆದೇಶದಲ್ಲಿ ತಡೆಹಿಡಿಯಬಹುದಾದದ್ದು 60 ದಿನ ಮಾತ್ರ. ಆದರೆ ಬೆಂಗಳೂರಿನಲ್ಲೇ ಕೂತು ಮಾಡಬಹುದಾದ ಕೆಲಸವೂ ಒಂದಿದೆ. ಕ್ಯಾಲಿಫೋರ್ನಿಯಾದಲ್ಲಿ 1974ರಿಂದಲೂ ಈ ‘ಫಾಸ್’ ಔಷಧಿಗಳನ್ನು ನಿಯಮಿತವಾಗಿ ನಿಭಾಯಿಸುವ ಕೆಲಸಗಾರರ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಷ್ಟಿದೆಯೆಂದು ಹಂಗಾಮಿಗೆ ಮೊದಲೇ ಅಳೆದು ಇಟ್ಟುಕೊಳ್ಳುತ್ತಾರೆ. ಸಿಂಪರಣೆಯ ತಿಂಗಳುಗಳಲ್ಲಿ ಮತ್ತೆ ಅಳೆಯುತ್ತಾರೆ. ಮೊದಲಿನ ಮಟ್ಟದ ಶೇ 80ಕ್ಕೆ ಇಳಿದರೆ ಮಾಲೀಕ ಕೆಲಸದ ಕ್ರಮ ಪರಿಶೀಲಿಸಬೇಕು. ಕೆಂಪು ರಕ್ತಕಣದ ಕಿಣ್ವ ಶೇ 70ಕ್ಕೆ ಬಂದರೆ ಆ ಕೆಲಸಗಾರನನ್ನು ಔಷಧಿಯಿಂದ ದೂರವಿಡಲೇಬೇಕು, ಕಿಣ್ವ ಏರುವವರೆಗೂ.

ಈ ಪರೀಕ್ಷೆಗೆ ಬೇಕಾದದ್ದು ತುಸು ರಕ್ತ. ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಜೂನ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಇದನ್ನು ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ರೈತ ಸಂಪರ್ಕ ಕೇಂದ್ರದವರಿಗೂ ಆಶಾ ಕಾರ್ಯಕರ್ತೆಯರಿಗೂ ಯಾವ ಊರಿನಲ್ಲಿ ಯಾರು ಕೂಲಿಗೆ ಪಂಪು ಹೊರುತ್ತಾರೆಂದು ಹೆಸರು ಸಮೇತ ಗೊತ್ತು. ಕಿಣ್ವ ಇಳಿದವನನ್ನು ಎರಡು ಮೂರು ವಾರ ಹೊಲದಿಂದ ಹೊರಗಿಟ್ಟರೆ ಆ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ಸರ್ಕಾರ ತನ್ನ ಆದೇಶದ ಮೊದಲ ಸಾಲಿನಲ್ಲೇ ಬರೆಯಬೇಕು. ಇಲ್ಲದಿದ್ದರೆ ರಕ್ತ ಕೊಡಲು ಯಾರೂ ಬರುವುದಿಲ್ಲ.